ಲಕೋಟೆಯಲ್ಲಿ ಬಂದ ತೀರ್ಪು

2021ರ ಮಾರ್ಚ್ ತಿಂಗಳು. ನನ್ನ ಆಫೀಸು ಬೆಂಗಳೂರಿನಲ್ಲಿ. ಕೊರೊನಾದಿಂದಾಗಿ ಕಲಬುರಗಿಯ ಜಗತ್ ಬಡಾವಣೆಯ ನಮ್ಮ ಮನೆಯ ಮಾಳಿಗೆ ಮೇಲಿನ ಕೋಣೆಯಿಂದಲೇ ಕೆಲಸ ನಡೆದಿತ್ತು. ಒಂದು ಶನಿವಾರ ಮಧ್ಯಾಹ್ನ ಕಮಲಾಪುರದಿಂದ ಕಾಕಾ ಬಂದರು. ಕೈಯಲ್ಲಿ ಎಂದಿನಂತೆ ಕೆಂಪು ಬಾಳೆಹಣ್ಣಿನ ಚಿಪ್ಪು, ಬಗಲಲ್ಲಿ ಒಂದು ದಪ್ಪ ಕೊರಿಯರ್ ಲಕೋಟೆ. ಕಾಕಾ ಬಾಳೆತೋಟ ಮಾಡುವವರು, ಮಾತು ಜಾಸ್ತಿ. ಅವತ್ತು ಮಾತ್ರ ನೀರು ಕುಡಿದು ಸುಮ್ಮನೆ ಕೂತರು. ಆಮೇಲೆ ಲಕೋಟೆ ನನ್ನ ಮುಂದಿಟ್ಟು, "ತಮ್ಮಾ, ಇದೇನ್ ಬಂದದ ನೋಡು. ನಿನಗ ಇಂಗ್ಲಿಷ್ ಓದ್ಲಕ್ ಬರ್ತದಲ್ಲ" ಅಂದರು.

ಲಕೋಟೆಯ ಮೇಲಿದ್ದ ಹೆಸರು ಅವರ ಮಗಳದ್ದು, ಅಂದರೆ ನನ್ನ ಅಕ್ಕನದ್ದು. 2016ರಲ್ಲಿ ಆಕೆಯ ಮದುವೆ ಕಲಬುರಗಿಯಲ್ಲೇ ಆಗಿತ್ತು. ಭಾವ ಅಮೆರಿಕದಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. ಮೂರು ವರ್ಷ ಅಲ್ಲಿದ್ದು, 2019ರಲ್ಲಿ ಅಕ್ಕ ತವರಿಗೆ ಬಂದವಳು ಮತ್ತೆ ಹೋಗಿರಲಿಲ್ಲ. ಕಾರಣ ಏನು ಅಂತ ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳಿರಲಿಲ್ಲ, ಆಕೆಯೂ ಹೇಳಿರಲಿಲ್ಲ.

ಒಳಗಿದ್ದದ್ದು ಅಮೆರಿಕದ ಒಂದು ಕೌಂಟಿ ಕೋರ್ಟಿನಲ್ಲಿ ಭಾವ ಹಾಕಿದ್ದ ವಿಚ್ಛೇದನ ಅರ್ಜಿಯ ನಕಲು. ಜೊತೆಗೆ ಒಂದೇ ಪುಟದ ಒಂದು ನಮೂನೆ: ಅರ್ಜಿ ನನಗೆ ತಲುಪಿದೆ, ಸಮನ್ಸ್ ಬೇಕಾಗಿಲ್ಲ, ಮುಂದಿನ ನೋಟಿಸು ಇಲ್ಲದೆಯೇ ಕೋರ್ಟ್ ತೀರ್ಮಾನ ಮಾಡಬಹುದು ಅಂತ. ಕೆಳಗೆ ಸಹಿಗೆ ಜಾಗ.

"ಅಮೆರಿಕದ ಕೋರ್ಟೇ ಹೇಳ್ಯಾದ ಅಂದ್ಮ್ಯಾಲ ನಾವೇನ್ ಮಾಡ್ಲಕ್ ಆಗ್ತದ?" ಅಂದರು ಕಾಕಾ.

ನಿಜ ಹೇಳಬೇಕೆಂದರೆ ನನಗೂ ಹಾಗೇ ಅನ್ನಿಸಿತು. ದಿನಕ್ಕೆ ಹತ್ತು ಸಲ ಯಾವುದೋ ಆ್ಯಪಿನ ಷರತ್ತುಗಳನ್ನು ಓದದೆ ಒಪ್ಪಿಗೆ ಒತ್ತುವವನು ನಾನು. ಈ ಕಾಗದವನ್ನೂ ಹಾಗೇ ನೋಡಿದೆ. ತಲುಪಿದೆ ಅಂತ ತಾನೇ ಬರೆಯೋದು, ಅದರಲ್ಲೇನು? ಅಕ್ಕನಿಗೆ ಫೋನ್ ಮಾಡಿ ಕರೆಸಿದೆ, ಸಹಿ ಮಾಡಿಸಿದೆ, ಮೊಬೈಲಿನಲ್ಲೇ ಸ್ಕ್ಯಾನ್ ಮಾಡಿ ಇ-ಮೇಲ್ ಸಿದ್ಧ ಮಾಡಿಟ್ಟೆ. ಕಳಿಸುವ ಬಟನ್ ಒತ್ತುವುದೊಂದೇ ಬಾಕಿ. ಆಗ ಕಾಕಾನೇ, "ತಡಿ ತಮ್ಮಾ, ಒಮ್ಮಿ ವಕೀಲರಿಗಿ ತೋರ್ಸಿ ಕಳ್ಸು" ಅಂದರು. ಆ ಒಂದು ಮಾತು ನಮ್ಮನ್ನು ಉಳಿಸಿತು.

"ಮೊದಲ ಇದನ್ನ ಹರದ್ ಹಾಕ್ರಿ"

ಸೋಮವಾರ ಬೆಳಿಗ್ಗೆ ಜಗತ್ ಸರ್ಕಲ್ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಎಲ್ಲದರ ಎರಡು ಪ್ರತಿ ಮಾಡಿಸಿಕೊಂಡು ಪರಿಚಯದ ಹಿರಿಯ ವಕೀಲರ ಮನೆಗೆ ಹೋದೆವು. ಅವರು ಕನ್ನಡಕ ಏರಿಸಿ ಆ ಒಂದು ಪುಟವನ್ನೇ ಎರಡು ಸಲ ಓದಿದರು.

"ಸಹಿ ಮಾಡಿ ಕಳ್ಸೀರೇನು?"

"ಇಲ್ರಿ ಸರ್, ಇವತ್ತು ಕಳಿಸಬೇಕಂತ ಇದ್ವಿ."

"ಛಲೋ ಆಯ್ತು. ಮೊದಲ ಇದನ್ನ ಹರದ್ ಹಾಕ್ರಿ."

ಮುಂದಿನ ಒಂದು ತಾಸಿನಲ್ಲಿ ಅವರು ಹೇಳಿದ್ದನ್ನು, ಆಮೇಲೆ ನಾನು ರಾತ್ರಿ ಕೂತು ತೀರ್ಪುಗಳನ್ನು ಹುಡುಕಿ ಓದಿದ್ದನ್ನು ಸೇರಿಸಿ ಈ ಲೇಖನ ಬರೆಯುತ್ತಿದ್ದೇನೆ. ನಾನು ವಕೀಲನಲ್ಲ. ಆದರೆ ಕಲ್ಯಾಣ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಈಗ ಒಬ್ಬರಾದರೂ ದುಬೈ, ಸಿಂಗಪುರ, ಲಂಡನ್, ಅಮೆರಿಕ ಅಂತ ಹೊರಗಿದ್ದಾರೆ. ಇಂಥ ಲಕೋಟೆ ಯಾರ ಮನೆಗಾದರೂ ಬರಬಹುದು. ಅಕ್ಕನ ಒಪ್ಪಿಗೆ ಪಡೆದೇ ಬರೆದಿದ್ದೇನೆ.

ವಕೀಲರು ಹೇಳಿದ ಮೊದಲ ಮಾತು ಇದು: ಒಂದು ದೇಶದ ಕೋರ್ಟಿನ ಆಜ್ಞೆ ಆ ದೇಶದ ಗಡಿಯ ತನಕ ಮಾತ್ರ ತಾನಾಗಿ ನಡೆಯುತ್ತದೆ. ಗಡಿ ದಾಟಿದ ಮೇಲೆ ಅದು ಇನ್ನೊಂದು ದೇಶದ ಕೋರ್ಟಿನ ಬಾಗಿಲಲ್ಲಿ ನಿಂತು, "ನನ್ನನ್ನು ಒಪ್ಪಿಕೊಳ್ಳಿ" ಅಂತ ಕೇಳಬೇಕು. ಒಪ್ಪಬೇಕೋ ಬೇಡವೋ ಎಂದು ನೋಡುವುದಕ್ಕೆ ನಮ್ಮಲ್ಲಿ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 13ನೇ ಕಲಂ ಇದೆ. ವಿದೇಶಿ ತೀರ್ಪನ್ನು ಸಾಮಾನ್ಯವಾಗಿ ಅಂತಿಮ ಅಂತಲೇ ಅದು ಗೌರವಿಸುತ್ತದೆ. ಆದರೆ ಆರು ಸಂದರ್ಭಗಳಲ್ಲಿ ಇಲ್ಲ: ಆ ಕೋರ್ಟಿಗೆ ಅಧಿಕಾರವೇ ಇಲ್ಲದಿದ್ದರೆ, ವಿಷಯದ ಸತ್ಯಾಸತ್ಯ ನೋಡದೆ ತೀರ್ಪು ಕೊಟ್ಟಿದ್ದರೆ, ಅಂತರರಾಷ್ಟ್ರೀಯ ಕಾನೂನನ್ನು ತಪ್ಪಾಗಿ ತಿಳಿದಿದ್ದರೆ ಅಥವಾ ಅನ್ವಯವಾಗಬೇಕಿದ್ದ ಭಾರತದ ಕಾನೂನನ್ನು ಕಡೆಗಣಿಸಿದ್ದರೆ, ಎದುರಿನವರ ಮಾತು ಕೇಳುವ ಸಹಜ ನ್ಯಾಯ ಪಾಲಿಸದಿದ್ದರೆ, ಮೋಸದಿಂದ ಪಡೆದಿದ್ದರೆ, ಭಾರತದಲ್ಲಿ ಜಾರಿಯಲ್ಲಿರುವ ಕಾನೂನನ್ನು ಮುರಿದ ಬೇಡಿಕೆಯನ್ನೇ ಎತ್ತಿಹಿಡಿದಿದ್ದರೆ.

ಸೋಲಾಪುರವೂ ಒಮ್ಮೆ ವಿದೇಶ

ಇದೆಲ್ಲ ದೂರದ ಮಾತು ಅನ್ನಿಸಿದರೆ ನಮ್ಮೂರಿನ ಹಳೇ ಕಥೆ ಕೇಳಿ. 1948ರ ಸೆಪ್ಟೆಂಬರಿನ ತನಕ ಕಲಬುರಗಿ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಇಲ್ಲಿ ಹಾಲಿ ಸಿಕ್ಕಾ ನಾಣ್ಯ, ಕೋರ್ಟಿನಲ್ಲಿ ಉರ್ದು. ಪಶ್ಚಿಮಕ್ಕೆ ಹೋದರೆ ಅಕ್ಕಲಕೋಟೆ ಇನ್ನೊಂದು ಸಂಸ್ಥಾನ. ಅದನ್ನೂ ದಾಟಿದರೆ ಸೋಲಾಪುರ, ಬ್ರಿಟಿಷರ ಮುಂಬಯಿ ಪ್ರಾಂತ. ಮೂರೂ ಕಡೆ ಕನ್ನಡ ಮಾತಾಡುವ ಜನ, ಮೂರೂ ಕಡೆ ಬೀಗತನ, ವ್ಯಾಪಾರ. ಆದರೆ ಕಾನೂನಿನ ಕಣ್ಣಿಗೆ ಸಂಸ್ಥಾನದ ಕೋರ್ಟಿನ ತೀರ್ಪು ಬ್ರಿಟಿಷ್ ಇಂಡಿಯಾದಲ್ಲಿ ವಿದೇಶಿ ತೀರ್ಪು. 1894ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಫರೀದ್‌ಕೋಟೆ ರಾಜರ ಪ್ರಕರಣದಲ್ಲಿ ಇದನ್ನು ಖಡಾಖಂಡಿತವಾಗಿ ಹೇಳಿತು. ತನ್ನ ನೆಲದಲ್ಲಿ ಇಲ್ಲದ, ತನ್ನ ಅಧಿಕಾರಕ್ಕೆ ಒಪ್ಪದ ಮನುಷ್ಯನ ಮೇಲೆ ಸಂಸ್ಥಾನದ ಕೋರ್ಟ್ ಕೊಟ್ಟ ಹಣದ ಡಿಕ್ರಿಗೆ ಹೊರಗೆ ಬೆಲೆಯಿಲ್ಲ ಅಂತ.

ಮೈಸೂರಿನವರಿಗೂ ಇದೇ ಕಥೆ. ಬೆಂಗಳೂರಿನ ಒಂದು ದೊಡ್ಡ ಮನೆತನದ ಯಜಮಾನರು 1942ರಲ್ಲಿ ತೀರಿಕೊಂಡರು. ಉಯಿಲಿನ ಮೇಲೆ ಜಗಳ ಬಂತು. ಆಸ್ತಿ ಸ್ವಲ್ಪ ಮೈಸೂರು ಸಂಸ್ಥಾನದಲ್ಲಿ, ಸ್ವಲ್ಪ ಮದ್ರಾಸ್ ಪ್ರಾಂತದಲ್ಲಿ. ಮೈಸೂರು ಹೈಕೋರ್ಟಿನ ತೀರ್ಪು ಮದ್ರಾಸಿನಲ್ಲಿ ನಡೆಯುತ್ತದೋ ಇಲ್ಲವೋ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ತನಕ ಹೋಗಿ 1962ರಲ್ಲಿ ಇತ್ಯರ್ಥವಾಯಿತು. ಆರ್. ವಿಶ್ವನಾಥನ್ ವಿರುದ್ಧ ರುಕ್ನ್-ಉಲ್-ಮುಲ್ಕ್ ಸೈಯದ್ ಅಬ್ದುಲ್ ವಾಜಿದ್ ಎಂಬ ಆ ಪ್ರಕರಣವನ್ನು ವಕೀಲರು ಈಗಲೂ ಉದಾಹರಿಸುತ್ತಾರೆ. ಚರಾಸ್ತಿಗೆ ಮೈಸೂರಿನ ತೀರ್ಪು ಅಂತಿಮ. ಸಂಸ್ಥಾನದ ಹೊರಗಿದ್ದ ಹೊಲ ಮನೆಗಳ ಮೇಲೆ ಮಾತ್ರ ಮೈಸೂರು ಕೋರ್ಟಿಗೆ ಅಧಿಕಾರವೇ ಇರಲಿಲ್ಲ ಎಂದು ಬಹುಮತದ ತೀರ್ಪು. ನೆಲ ಎಲ್ಲಿದೆಯೋ ಅಲ್ಲಿನ ಕೋರ್ಟೇ ಅದರ ಮಾತು ಹೇಳಬೇಕು. ಈ ನಿಯಮ ಇವತ್ತಿಗೂ ಹಾಗೇ ಇದೆ. ಅಮೆರಿಕದ ಕೋರ್ಟೊಂದು ಕಮಲಾಪುರದ ತೋಟವನ್ನು ಇಬ್ಬರಿಗೆ ಹಂಚುತ್ತೇನೆ ಅಂದರೆ ಇಲ್ಲಿ ಅದು ನಡೆಯುವುದಿಲ್ಲ.

ಇಬ್ಬರು ಉತ್ತರ ಕೊಟ್ಟರು, ಫಲ ಬೇರೆಬೇರೆ

ವಕೀಲರು ಆ ನಮೂನೆ ಹರಿಯಲು ಹೇಳಿದ್ದು ಯಾಕೆ? ಅದಕ್ಕೆ ಅವರು ಎರಡು ಪ್ರಕರಣ ಹೇಳಿದರು.

ಮೊದಲನೆಯದು ಒಬ್ಬ ವ್ಯಾಪಾರಿಯದ್ದು. ಹೈದರಾಬಾದ್ ಸಂಸ್ಥಾನದ ನಿವಾಸಿ. ಬಾಕಿ ಹಣಕ್ಕಾಗಿ ಅವರ ಮೇಲೆ ಬಾಂಬೆ ಹೈಕೋರ್ಟಿನಲ್ಲಿ ದಾವೆ ಬಿತ್ತು. ಆಗಿನ ಲೆಕ್ಕಕ್ಕೆ ಅದು ಅವರ ಪಾಲಿಗೆ ವಿದೇಶಿ ಕೋರ್ಟ್. ಹೋಗಲೇಬೇಕೆಂಬ ಕಡ್ಡಾಯ ಇರಲಿಲ್ಲ. ಆದರೂ ಹಾಜರಾಗಿ, "ನನ್ನ ವಾದ ಮಂಡಿಸಲು ಅನುಮತಿ ಕೊಡಿ" ಅಂತ ಅರ್ಜಿ ಹಾಕಿದರು. ಈ ಕೋರ್ಟಿಗೆ ಅಧಿಕಾರ ಇಲ್ಲ ಅಂತ ಎಲ್ಲೂ ಆಕ್ಷೇಪ ಎತ್ತಲಿಲ್ಲ. ಕೊನೆಗೆ ಡಿಕ್ರಿ ಜಾರಿಗೆ ಬಂದಾಗ, ಅದು ವಿದೇಶಿ ಕೋರ್ಟು, ನನಗೆ ಸಂಬಂಧವಿಲ್ಲ ಅಂದರು. ಶಾಲಿಗ್ರಾಮ್ ವಿರುದ್ಧ ದೌಲತ್‌ರಾಮ್ ಕುಂದನ್‌ಮಲ್ ಎಂಬ ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಆಕ್ಷೇಪ ಎತ್ತದೆ ಹೋಗಿ ಅನುಮತಿ ಕೇಳಿದಿರಿ ಅಂದರೆ ಆ ಕೋರ್ಟಿನ ಅಧಿಕಾರಕ್ಕೆ ನೀವಾಗಿಯೇ ಒಪ್ಪಿದಿರಿ.

ಎರಡನೆಯದು ತಿರುಪತಿಯಲ್ಲಿ 1975ರಲ್ಲಿ ಮದುವೆಯಾದ ದಂಪತಿಯದ್ದು. ಗಂಡ ಅಮೆರಿಕದ ಮಿಸೌರಿ ರಾಜ್ಯದಲ್ಲಿ 90 ದಿನದ ವಾಸ ತೋರಿಸಿ ಅಲ್ಲಿನ ಕೋರ್ಟಿನಿಂದ ವಿಚ್ಛೇದನ ಪಡೆದರು. ಮದುವೆ ಸರಿಪಡಿಸಲಾಗದಷ್ಟು ಮುರಿದಿದೆ ಎಂಬುದು ಕಾರಣ. ಆಮೇಲೆ ಇಲ್ಲಿಗೆ ಬಂದು ಇನ್ನೊಂದು ಮದುವೆಯಾದರು. ಹೆಂಡತಿ ದ್ವಿಪತ್ನಿತ್ವದ ದೂರು ಕೊಟ್ಟರು. ಈಕೆಯೂ ಅಮೆರಿಕದ ಕೋರ್ಟಿಗೆ ಉತ್ತರ ಕಳಿಸಿದ್ದರು. ಆದರೆ ಅದರಲ್ಲಿ, "ಈ ಉತ್ತರ ಕೊಟ್ಟ ಮಾತ್ರಕ್ಕೆ ನಿಮ್ಮ ಅಧಿಕಾರಕ್ಕೆ ನಾನು ಒಪ್ಪಿದಂತೆ ಅಲ್ಲ" ಎಂಬ ಅರ್ಥದ ಮಾತು ಸೇರಿಸಿದ್ದರು. ಆ ಮಾತೇ ಅವರನ್ನು ಕಾಯ್ದಿತು. 1991ರ ಜುಲೈಯಲ್ಲಿ ವೈ. ನರಸಿಂಹ ರಾವ್ ವಿರುದ್ಧ ವೈ. ವೆಂಕಟಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮಿಸೌರಿಯ ಡಿಕ್ರಿಯನ್ನು ಒಪ್ಪಲಿಲ್ಲ.

ಯಾವ ಕಾನೂನಿನ ಪ್ರಕಾರ ಮದುವೆಯಾಯಿತೋ ಆ ಕಾನೂನು ಒಪ್ಪುವ ಕೋರ್ಟೇ, ಆ ಕಾನೂನು ಒಪ್ಪುವ ಕಾರಣದ ಮೇಲೆಯೇ ವಿಚ್ಛೇದನ ಕೊಡಬೇಕು. ಇದು ಆ ತೀರ್ಪು ಹಾಕಿದ ಮೂಲ ಗೆರೆ. ಅದಕ್ಕೆ ಮೂರು ವಿನಾಯಿತಿ. ಎದುರು ಪಕ್ಷದವರು ಖಾಯಂ ಆಗಿ ವಾಸಿಸುವ ಜಾಗದಲ್ಲೇ ಕೇಸು ಹಾಕಿ, ಕಾರಣವೂ ನಮ್ಮ ಕಾನೂನಿನಲ್ಲಿ ಇರುವಂಥದ್ದೇ ಆಗಿದ್ದರೆ ಒಂದು. ಎದುರು ಪಕ್ಷದವರು ಸ್ವಂತ ಇಚ್ಛೆಯಿಂದ ಹಾಜರಾಗಿ ಅಂಥ ಕಾರಣದ ಮೇಲೆಯೇ ವಾದ ಮಾಡಿದ್ದರೆ ಎರಡು. ಅವರೇ ವಿಚ್ಛೇದನಕ್ಕೆ ಒಪ್ಪಿಗೆ ಕೊಟ್ಟಿದ್ದರೆ ಮೂರು.

"ನೀವು ಕಳಿಸಬೇಕಂತಿದ್ದ ಕಾಗದ ಆ ಮೂರನೇದಕ್ಕ ದಾರಿ ಮಾಡಿಕೊಡ್ತಿತ್ತು ನೋಡ್ರಿ" ಅಂದರು ವಕೀಲರು. ನನ್ನ ಫೋನಿನಲ್ಲಿ ಆ ಇ-ಮೇಲ್ ಇನ್ನೂ ಡ್ರಾಫ್ಟ್ ಆಗಿಯೇ ಕೂತಿತ್ತು. ಅಲ್ಲೇ ಅಳಿಸಿ ಹಾಕಿದೆ. ಅಕ್ಕ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನನಗೆ ತಲೆ ಎತ್ತಲು ಆಗುತ್ತಿರಲಿಲ್ಲ.

ಅವರು ಇನ್ನೊಂದು ವಿಷಯ ತೋರಿಸಿದರು. ಬೇರೆ ದೇಶದ ಕೋರ್ಟಿನ ಸಮನ್ಸ್ ಭಾರತದಲ್ಲಿರುವವರಿಗೆ ತಲುಪಿಸಲು ಹೇಗ್ ಒಪ್ಪಂದದ ದಾರಿ ಇದೆ. 2007ರಿಂದ ಅದು ನಮಗೂ ಜಾರಿಯಲ್ಲಿದೆ. ಕೇಂದ್ರ ಕಾನೂನು ಸಚಿವಾಲಯದ ಮೂಲಕ ಅದು ಬರಬೇಕು. ನೇರ ಅಂಚೆಯಲ್ಲಿ ತಲುಪಿಸುವುದಕ್ಕೆ ಭಾರತ ಆಗಲೇ ಆಕ್ಷೇಪ ದಾಖಲಿಸಿದೆ. ಹಾಗಿರುವಾಗ ಕೊರಿಯರಿನವನು ಬಾಗಿಲಿಗೆ ಕೊಟ್ಟು ಹೋದದ್ದನ್ನು ಸಮನ್ಸ್ ಅಂತ ಕರೆಯುವುದೇ ಕಷ್ಟ.

ನಾವು ಉತ್ತರ ಕಳಿಸಿದೆವು. ವಕೀಲರೇ ಬರೆದುಕೊಟ್ಟ ಒಂದೂವರೆ ಪುಟ. ಮದುವೆ ಕಲಬುರಗಿಯಲ್ಲಿ ಹಿಂದೂ ವಿವಾಹ ಕಾಯ್ದೆಯಡಿ ಆಗಿದೆ, ಹೆಂಡತಿ ಭಾರತದಲ್ಲಿದ್ದಾಳೆ, ನಿಮ್ಮ ಅಧಿಕಾರಕ್ಕೆ ಆಕೆ ಒಪ್ಪಿಲ್ಲ, ಈ ಪತ್ರ ಆಕ್ಷೇಪಕ್ಕಾಗಿ ಮಾತ್ರ. ಆರು ತಿಂಗಳಲ್ಲಿ ಇನ್ನೊಂದು ಲಕೋಟೆ ಬಂತು. ಅಕ್ಕನ ಗೈರುಹಾಜರಿಯಲ್ಲೇ ಅಲ್ಲಿ ಡಿಕ್ರಿ ಆಗಿತ್ತು.

ಅಲ್ಲಿ ವಿಚ್ಛೇದಿತೆ, ಇಲ್ಲಿ ಹೆಂಡತಿ

ಅವತ್ತು ಮನೆಯಲ್ಲಿ ಕೆಲವರು ಗೆದ್ದೆವು ಎಂಬಂತೆ ಮಾತಾಡಿದರು. ಇಲ್ಲಿ ಆ ಡಿಕ್ರಿ ನಡೆಯಲ್ಲ, ಆಕೆ ಇನ್ನೂ ಹೆಂಡತಿ, ಅವನು ಇನ್ನೊಂದು ಮದುವೆ ಆಗಲಿ ನೋಡೋಣ ಅಂತ. ಅಕ್ಕ ಮಾತ್ರ ಅಡಿಗೆಮನೆಯಿಂದ ಹೊರಗೆ ಬರಲಿಲ್ಲ. ರಾತ್ರಿ ನಾನೇ ಹೋಗಿ ಕೂತೆ.

"ನನಗೂ ಬಿಡುಗಡಿ ಬೇಕೋ ತಮ್ಮಾ. ಆದ್ರ ಹಿಂಗ ಪೋಸ್ಟಿನ್ಯಾಗ ಬ್ಯಾಡ. ನನ್ನ ಮಾತ್ ಒಬ್ಬರರೆ ಕೇಳಬೇಕಲ್ಲ" ಅಂದಳು.

ವಿದೇಶಿ ತೀರ್ಪನ್ನು ಒಪ್ಪದಿರುವುದರಿಂದ ಹೆಣ್ಣುಮಗಳಿಗೆ ರಕ್ಷಣೆ ಸಿಗುತ್ತದೆ, ನಿಜ. 1974ರಲ್ಲೇ ಸತ್ಯಾ ವಿರುದ್ಧ ತೇಜಾ ಸಿಂಗ್ ಪ್ರಕರಣದಲ್ಲಿ, ನೆವಾಡಾ ರಾಜ್ಯದಲ್ಲಿ ತಾನು ನೆಲೆಸಿದ್ದೇನೆಂದು ಸುಳ್ಳು ಹೇಳಿ ಗಂಡ ತಂದ ವಿಚ್ಛೇದನವನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿ, ಹೆಂಡತಿಯ ಜೀವನಾಂಶವನ್ನು ಉಳಿಸಿತ್ತು. ಆದರೆ ಅದರ ಇನ್ನೊಂದು ಮುಖವೂ ಇದೆ. ಒಂದೇ ಮದುವೆ ಒಂದು ದೇಶದಲ್ಲಿ ಮುಗಿದು ಇನ್ನೊಂದು ದೇಶದಲ್ಲಿ ಉಳಿದುಬಿಡುತ್ತದೆ. ಆತ ಅಲ್ಲಿ ಕಾನೂನುಬದ್ಧವಾಗಿ ಮತ್ತೆ ಮದುವೆಯಾಗಬಹುದು. ಈಕೆ ಇಲ್ಲಿ ಆಗುವಂತಿಲ್ಲ. ಪಾಸ್‌ಪೋರ್ಟಿನ ಅರ್ಜಿಯಲ್ಲಿ ಗಂಡನ ಹೆಸರು ಬರೆಯಬೇಕೋ ಬೇಡವೋ ಎಂಬಲ್ಲಿಂದ ತೊಡಕು ಶುರು. ಇಂಥವಕ್ಕೆಂದೇ ಪ್ರತ್ಯೇಕ ಕಾನೂನು ಬೇಕೆಂದು ಕೇಂದ್ರ ಕಾನೂನು ಆಯೋಗ 1976ರಲ್ಲೇ ತನ್ನ 65ನೇ ವರದಿಯಲ್ಲಿ ಹೇಳಿತ್ತು. ಆ ಕಾನೂನು ಬರಲಿಲ್ಲ. ಹಾಗಾಗಿ ಈಗಲೂ 1991ರ ತೀರ್ಪೇ ದಾರಿದೀಪ.

ಅಕ್ಕ ಕಲಬುರಗಿಯ ಕೋರ್ಟಿನಲ್ಲೇ ಜೀವನಾಂಶಕ್ಕೆ ಅರ್ಜಿ ಹಾಕಿದಳು. ಅಮೆರಿಕದ ಡಿಕ್ರಿ ಇಟ್ಟುಕೊಂಡು ಇದನ್ನು ತಪ್ಪಿಸಿಕೊಳ್ಳಲಾಗದು ಎಂದು ಆ ಕಡೆಯವರಿಗೂ ಅವರ ವಕೀಲರು ಹೇಳಿರಬೇಕು. ಮಾತುಕತೆಗೆ ಬಂದರು. ಕೊನೆಗೆ 2023ರಲ್ಲಿ ಹಿಂದೂ ವಿವಾಹ ಕಾಯ್ದೆಯ 13-ಬಿ ಕಲಂ ಪ್ರಕಾರ ಇಬ್ಬರೂ ಒಪ್ಪಿ ಇಲ್ಲೇ ವಿಚ್ಛೇದನ ಪಡೆದರು. ಜೀವನಾಂಶದ ಹಣ, ಮದುವೆಯಲ್ಲಿ ಕೊಟ್ಟ ಬಂಗಾರ, ಎಲ್ಲವೂ ಆ ಆದೇಶದಲ್ಲಿ ಬರೆದು ಬಂತು. ನ್ಯಾಯಾಧೀಶರು ಅಕ್ಕನನ್ನೇ ನೋಡಿ, "ನಿಮ್ಮ ಸ್ವಇಚ್ಛೆಯಿಂದ ಒಪ್ಪಿದ್ದೀರಾ?" ಅಂತ ಕನ್ನಡದಲ್ಲಿ ಕೇಳಿದರು. "ಹೌದ್ರಿ" ಅಂದಳು. ಹೊರಗೆ ಬಂದು ಬೇವಿನ ಗಿಡದ ಕೆಳಗೆ ಬಹಳ ಹೊತ್ತು ಕೂತಳು. ಆಕೆಗೆ ಬೇಕಾಗಿದ್ದದ್ದು ಆ ಒಂದು ಪ್ರಶ್ನೆ.

ಮುಯ್ಯಿಯ ಲೆಕ್ಕ

ಮದುವೆ ವಿಷಯ ಬಿಟ್ಟು ಹಣದ ವಿಷಯಕ್ಕೆ ಬಂದರೆ ಆಟ ಬೇರೆ. ನಮ್ಮ ಸಂಹಿತೆಯ 44-ಎ ಕಲಂ ಕೆಲವು ದೇಶಗಳ ಪಟ್ಟಿ ಮಾಡಲು ಕೇಂದ್ರ ಸರ್ಕಾರಕ್ಕೆ ಅಧಿಕಾರ ಕೊಟ್ಟಿದೆ. ಮದುವೆ ಮನೆಯ ಮುಯ್ಯಿ ಇದ್ದಂತೆ: ನಮ್ಮ ತೀರ್ಪನ್ನು ನೀವು ನಡೆಸಿದರೆ ನಿಮ್ಮದನ್ನು ನಾವು ನಡೆಸುತ್ತೇವೆ. ಬ್ರಿಟನ್, ಸಿಂಗಪುರ, ಮಲೇಷ್ಯಾ, ಹಾಂಗ್‌ಕಾಂಗ್, ನ್ಯೂಜಿಲೆಂಡ್, ಬಾಂಗ್ಲಾದೇಶ ಮುಂತಾದವು ಪಟ್ಟಿಯಲ್ಲಿವೆ. ಆ ದೇಶಗಳ ಮೇಲ್ಮಟ್ಟದ ಕೋರ್ಟುಗಳ ಹಣದ ಡಿಕ್ರಿಯ ದೃಢೀಕೃತ ಪ್ರತಿಯನ್ನು ಇಲ್ಲಿನ ಜಿಲ್ಲಾ ಕೋರ್ಟಿಗೆ ಕೊಟ್ಟರೆ ಸಾಕು. ಹೊಸ ದಾವೆ ಹಾಕಬೇಕಾಗಿಲ್ಲ, ಇಲ್ಲಿನ ಕೋರ್ಟೇ ಕೊಟ್ಟ ಡಿಕ್ರಿಯಂತೆ ಜಾರಿ ಶುರುವಾಗುತ್ತದೆ. 13ನೇ ಕಲಮಿನ ಆರು ಆಕ್ಷೇಪ ಇಲ್ಲೂ ಎತ್ತಬಹುದು.

ನಮ್ಮ ಕೆಲಸದ ಭಾಷೆಯಲ್ಲಿ ಹೇಳುವುದಾದರೆ, ನಿಮ್ಮ ಮೊಬೈಲಿನ ಬ್ರೌಸರ್ ಒಳಗೆ ನಂಬಿಕಸ್ಥ ಪ್ರಮಾಣಪತ್ರ ಸಂಸ್ಥೆಗಳ ಒಂದು ಪಟ್ಟಿ ಇರುತ್ತದೆ. ಅವು ದೃಢೀಕರಿಸಿದ ಜಾಲತಾಣ ನೇರ ತೆರೆಯುತ್ತದೆ. ಬೇರೆಯದಕ್ಕೆ ಎಚ್ಚರಿಕೆ ಬರುತ್ತದೆ. ಪಟ್ಟಿಯಲ್ಲಿಲ್ಲ ಅಂದ ಮಾತ್ರಕ್ಕೆ ಅದು ಸುಳ್ಳು ಅಂತಲ್ಲ, ಬೇರೆ ರೀತಿ ಪರೀಕ್ಷೆ ಆಗಬೇಕು ಅಷ್ಟೆ. ಅಮೆರಿಕ ಈ ಪಟ್ಟಿಯಲ್ಲಿ ಇಲ್ಲ. ಅಲ್ಲಿ ಗೆದ್ದವರು ಆ ತೀರ್ಪನ್ನು ಆಧಾರವಾಗಿಟ್ಟು ಇಲ್ಲಿ ಮೂರು ವರ್ಷದೊಳಗೆ ಹೊಸ ದಾವೆ ಹೂಡಬೇಕು.

ನಮ್ಮ ಕಡೆಯವರು ಗಮನಿಸಬೇಕಾದ ಹೆಸರು ಇನ್ನೊಂದಿದೆ: ಸಂಯುಕ್ತ ಅರಬ್ ಎಮಿರೇಟ್ಸ್. 2020ರ ಜನವರಿಯಲ್ಲಿ ಕೇಂದ್ರ ಸರ್ಕಾರ ಅದನ್ನೂ ಪಟ್ಟಿಗೆ ಸೇರಿಸಿತು. ದುಬೈಯಲ್ಲಿ ಕೆಲಸ ಹೋಯಿತು, ಬ್ಯಾಂಕಿನ ಸಾಲ ಹಾಗೇ ಬಿಟ್ಟು ವಿಮಾನ ಹತ್ತಿದೆ, ಇನ್ನು ಯಾರು ಕೇಳ್ತಾರೆ ಎಂದು ನಿಶ್ಚಿಂತೆಯಿಂದ ಇದ್ದವರಿಗೆ ಈಗ ಆ ನಿಶ್ಚಿಂತೆ ಇಲ್ಲ. ಅಲ್ಲಿನ ಸಿವಿಲ್ ಡಿಕ್ರಿ ಇಲ್ಲಿನ ಜಿಲ್ಲಾ ಕೋರ್ಟಿನ ಮೂಲಕ ಮನೆ ಬಾಗಿಲಿಗೆ ಬರಬಹುದು. ಇದು ಉಲ್ಟಾನೂ ಹೌದು. ಅಲ್ಲಿ ಸಂಬಳ ಬಾಕಿ ಉಳಿಸಿಕೊಂಡವನ ಮೇಲೆ ಅಲ್ಲಿ ಡಿಕ್ರಿ ಪಡೆದಿದ್ದು, ಅವನ ಆಸ್ತಿ ಇಲ್ಲಿದ್ದರೆ, ಅದನ್ನು ಇಲ್ಲಿ ಜಾರಿ ಮಾಡಿಸಬಹುದು.

ಆದರೆ ಗಡಿಯಾರ ನಿಲ್ಲುವುದಿಲ್ಲ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇದ್ದ ವೈಶ್ಯ ಬ್ಯಾಂಕಿನ ಮೇಲೆ ಬ್ಯಾಂಕ್ ಆಫ್ ಬರೋಡಾ ಲಂಡನ್ನಿನಲ್ಲಿ ಕೇಸು ಹಾಕಿ 1995ರ ಫೆಬ್ರುವರಿಯಲ್ಲಿ 12 ಲಕ್ಷ ಡಾಲರ್‌ಗೂ ಮೀರಿದ ಡಿಕ್ರಿ ಪಡೆಯಿತು. ಅದನ್ನು ಜಾರಿ ಮಾಡಿ ಎಂದು ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿಗೆ ಬಂದದ್ದು 2009ರ ಆಗಸ್ಟಿನಲ್ಲಿ. 14 ವರ್ಷ! ಅಷ್ಟರಲ್ಲಿ ವೈಶ್ಯ ಬ್ಯಾಂಕ್ ಐಎನ್‌ಜಿ ವೈಶ್ಯ ಆಗಿತ್ತು, ಪ್ರಕರಣ ಮುಗಿಯುವ ಹೊತ್ತಿಗೆ ಕೋಟಕ್ ಮಹೀಂದ್ರದಲ್ಲಿ ವಿಲೀನವೂ ಆಗಿತ್ತು. ಸಿಟಿ ಸಿವಿಲ್ ಕೋರ್ಟ್, ಕರ್ನಾಟಕ ಹೈಕೋರ್ಟ್, ಕೊನೆಗೆ 2020ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್, ಮೂರೂ ಕಡೆ ಸೋಲು. ಡಿಕ್ರಿ ಕೊಟ್ಟ ದೇಶದ ಕಾಲಮಿತಿಯನ್ನೇ ಇಲ್ಲೂ ನೋಡಬೇಕು, ಇಂಗ್ಲೆಂಡಿನಲ್ಲಿ ಅದು ಆರು ವರ್ಷ, ಆದ್ದರಿಂದ ಅವಧಿ ಮುಗಿದಿದೆ ಎಂದಿತು ಸುಪ್ರೀಂ ಕೋರ್ಟ್. ದೊಡ್ಡ ಬ್ಯಾಂಕಿಗೇ ಹೀಗಾದರೆ ನಮ್ಮಂಥವರು ಕಾಗದವನ್ನು ತಿಜೋರಿಯಲ್ಲಿಟ್ಟು ಮರೆಯುವಂತಿಲ್ಲ.

ಸಂಧಾನದ ತೀರ್ಪು ದೇಶ ಸುತ್ತಿದಾಗ

ಕಂಪನಿಗಳು ತಮ್ಮ ಒಪ್ಪಂದದಲ್ಲೇ, ಜಗಳ ಬಂದರೆ ಕೋರ್ಟಿಗೆ ಹೋಗದೆ ಮಧ್ಯಸ್ಥಗಾರರ ಮುಂದೆ ತೀರಿಸಿಕೊಳ್ಳೋಣ ಎಂದು ಬರೆದಿರುತ್ತವೆ. ಊರ ಪಂಚರ ಕಟ್ಟೆಯ ದೊಡ್ಡ ರೂಪ ಅನ್ನಿ. ಅಂಥ ಮಧ್ಯಸ್ಥಿಕೆ ತೀರ್ಪುಗಳು ಗಡಿ ದಾಟುವುದು ಕೋರ್ಟಿನ ತೀರ್ಪಿಗಿಂತ ಸುಲಭ. ಕಾರಣ 1958ರ ನ್ಯೂಯಾರ್ಕ್ ಒಪ್ಪಂದ. 170ಕ್ಕೂ ಹೆಚ್ಚು ದೇಶಗಳು ಅದರಲ್ಲಿವೆ. ಭಾರತ 1960ರಲ್ಲೇ ಅದನ್ನು ಅಂಗೀಕರಿಸಿತು. ಈಗ 1996ರ ಮಧ್ಯಸ್ಥಿಕೆ ಕಾಯ್ದೆಯ ಎರಡನೇ ಭಾಗದಲ್ಲಿ ಅದರ ನಿಯಮಗಳಿವೆ. ಪಟ್ಟಿಯಲ್ಲಿರುವ ಕೆಲವೇ ಕಾರಣಗಳಿಗೆ ಮಾತ್ರ ನಿರಾಕರಿಸಬಹುದು. ಕೋರ್ಟ್ ತೀರ್ಪುಗಳಿಗೂ ಇಂಥದ್ದೇ ಒಂದು ಹೇಗ್ ಒಪ್ಪಂದ 2019ರಲ್ಲಿ ಆಗಿದೆ, ಭಾರತ ಅದಕ್ಕೆ ಸೇರಿಲ್ಲ.

ಸುಲಭ ಅಂದರೂ ಅದು ಎಷ್ಟು ಸುತ್ತಬಹುದು ಎಂಬುದಕ್ಕೆ ನಮ್ಮ ಬೆಂಗಳೂರಿನದ್ದೇ ಉದಾಹರಣೆ ಇದೆ. ಇಸ್ರೋದ ವಾಣಿಜ್ಯ ಅಂಗ ಆ್ಯಂಟ್ರಿಕ್ಸ್ ಮತ್ತು ದೇವಾಸ್ ಮಲ್ಟಿಮೀಡಿಯಾ 2005ರ ಜನವರಿಯಲ್ಲಿ ಉಪಗ್ರಹ ತರಂಗಾಂತರದ ಒಪ್ಪಂದ ಮಾಡಿಕೊಂಡವು. 2011ರಲ್ಲಿ ಸರ್ಕಾರ ಅದನ್ನು ರದ್ದು ಮಾಡಿತು. 2015ರಲ್ಲಿ ಮಧ್ಯಸ್ಥಗಾರರು ದೇವಾಸ್‌ಗೆ 56.25 ಕೋಟಿ ಡಾಲರ್ ಮತ್ತು ಬಡ್ಡಿ ಕೊಡಬೇಕೆಂದರು. 2020ರಲ್ಲಿ ಸಿಯಾಟಲ್‌ನ ಕೋರ್ಟ್ ಬಡ್ಡಿ ಸೇರಿಸಿ ಸುಮಾರು 129 ಕೋಟಿ ಡಾಲರ್ ಎಂದು ಅದನ್ನು ಎತ್ತಿಹಿಡಿಯಿತು. ಹೂಡಿಕೆದಾರರು ಕೆನಡಾದಲ್ಲಿ ಏರ್ ಇಂಡಿಯಾಕ್ಕೆ ಸೇರಬೇಕಾದ ಹಣಕ್ಕೆ, ಪ್ಯಾರಿಸ್ಸಿನಲ್ಲಿ ಭಾರತ ಸರ್ಕಾರದ ಒಂದು ಫ್ಲ್ಯಾಟಿಗೆ ತಡೆ ತಂದರು.

ಇತ್ತ 2021ರ ಮೇ ತಿಂಗಳಲ್ಲಿ ಕಂಪನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠ, ದೇವಾಸ್ ಕಂಪನಿ ಮೋಸದಿಂದ ಹುಟ್ಟಿದ್ದು ಎಂದು ಅದನ್ನೇ ಮುಚ್ಚಲು ಆದೇಶಿಸಿತು. 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಿತು, ಆಗಸ್ಟಿನಲ್ಲಿ ದೆಹಲಿ ಹೈಕೋರ್ಟ್ ಮಧ್ಯಸ್ಥಿಕೆ ತೀರ್ಪನ್ನೇ ರದ್ದು ಮಾಡಿತು. ಕಥೆ ಮುಗಿಯಿತೇ? ಇಲ್ಲ. 2023ರಲ್ಲಿ ಅಮೆರಿಕದ ಮೇಲ್ಮನವಿ ಕೋರ್ಟ್ ಆ್ಯಂಟ್ರಿಕ್ಸ್ ಪರ ಹೇಳಿತು. 2025ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿ ಮತ್ತೆ ಕೆಳಗೆ ಕಳಿಸಿತು. ಭಾರತದಲ್ಲಿ ಸತ್ತ ತೀರ್ಪು ಬೇರೆ ಕಡೆ ಉಸಿರಾಡುತ್ತಿದೆ. ಅಕ್ಕನ ಮದುವೆ ಒಂದು ದೇಶದಲ್ಲಿ ಮುಗಿದು ಇನ್ನೊಂದರಲ್ಲಿ ಉಳಿದದ್ದೂ ಇದೇ ರೀತಿ. ಮೊತ್ತ ಬೇರೆ, ತೊಡಕು ಒಂದೇ.

ನಿಮ್ಮ ಮನೆಗೂ ಲಕೋಟೆ ಬಂದರೆ

• ಬಂದ ದಿನಾಂಕ ಲಕೋಟೆಯ ಮೇಲೆ ಬರೆದಿಡಿ. ಲಕೋಟೆ ಎಸೆಯಬೇಡಿ, ಅದೂ ಸಾಕ್ಷಿ.

• ಯಾವ ಸ್ವೀಕೃತಿ, ಒಪ್ಪಿಗೆ, ವಿನಾಯಿತಿ ಪತ್ರಕ್ಕೂ ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ. ವಾಟ್ಸ್‌ಆ್ಯಪಿನಲ್ಲಿ "ಸರಿ, ಒಪ್ಪಿದೆ" ಅಂತಲೂ ಬರೆಯಬೇಡಿ.

• ಸುಮ್ಮನಿರುವುದೂ ಎಲ್ಲ ಸಲ ಜಾಣತನವಲ್ಲ. ಆಕ್ಷೇಪ ದಾಖಲಿಸುವ ಉತ್ತರ ಬೇಕೋ, ಅಲ್ಲೇ ವಾದಿಸಬೇಕೋ ಎಂಬುದನ್ನು ವಕೀಲರ ಜೊತೆ ತೀರ್ಮಾನಿಸಿ. ನಿಮ್ಮ ಆಸ್ತಿ, ಉದ್ಯೋಗ ಆ ದೇಶದಲ್ಲಿದ್ದರೆ ಅಲ್ಲಿನ ತೀರ್ಪು ಅಲ್ಲಿ ನಡೆದೇ ನಡೆಯುತ್ತದೆ.

• ಹಣದ ಡಿಕ್ರಿಯಾದರೆ ಮೊದಲು ಎರಡು ಪ್ರಶ್ನೆ: ಆ ದೇಶ 44-ಎ ಪಟ್ಟಿಯಲ್ಲಿದೆಯೇ? ಕಾಲಮಿತಿ ಎಷ್ಟು ಉಳಿದಿದೆ?

• ಝೆರಾಕ್ಸ್ ಪ್ರತಿ ಸಾಲದು. ಕೋರ್ಟಿನ ದೃಢೀಕೃತ ಪ್ರತಿ ಬೇಕು. 1991ರ ಪ್ರಕರಣದಲ್ಲಿ ಗಂಡ ತಂದ ಪ್ರತಿಗೆ ಕಾನೂನು ಕೇಳುವ ದೃಢೀಕರಣ ಇರಲಿಲ್ಲ ಎಂಬುದೂ ಒಂದು ದೋಷವಾಯಿತು.

• ವಕೀಲರ ಫೀಸಿಗೆ ಹಣವಿಲ್ಲ ಎಂದು ಹಿಂಜರಿಯಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ಆದಾಯದ ಮಿತಿ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ.

ಅಕ್ಕ ಈಗ ಕಮಲಾಪುರದಲ್ಲೇ ಇದ್ದಾಳೆ. ತೋಟದ ಲೆಕ್ಕ ಆಕೆಯದೇ. ಕೆಂಪು ಬಾಳೆಯನ್ನು ಬೆಂಗಳೂರಿಗೆ ಕಳಿಸುವ ವ್ಯವಸ್ಥೆಯನ್ನೂ ಆಕೆಯೇ ನೋಡುತ್ತಾಳೆ. ಹೋದ ತಿಂಗಳು ಒಬ್ಬ ಖರೀದಿದಾರನ ಕರಾರು ಪತ್ರ ಬಂದಿತ್ತು. ನನಗೆ ಫೋನ್ ಮಾಡಿ, "ತಮ್ಮಾ, ಹದಿನಾಕು ಪುಟ ಅದ. ಓದ್ಲಕತ್ತೀನಿ. ಓದಿ ಮುಗಿಸಿ ಸಹಿ ಮಾಡ್ತೀನಿ" ಅಂದಳು.

ನಾನು ಏನೂ ಹೇಳಲಿಲ್ಲ. ಹೇಳುವ ಹಕ್ಕು ನನಗೆ ಅಷ್ಟಾಗಿ ಉಳಿದಿಲ್ಲ.